ಚೆಂಡು ತಲುಪದ ಕೈಗಳು

2022ರ ಫೆಬ್ರವರಿ 14, ಸೋಮವಾರ. ಪುಣೆಯ ನನ್ನ ಗೆಳೆಯನ ಬಾಡಿಗೆ ಮನೆಯಲ್ಲಿ ನಾವಿಬ್ಬರು ಬೆಳಗಿನ ಐದು ಗಂಟೆಯಿಂದ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆವು. ಅಲ್ಲಿ, ಲಾಸ್ ಏಂಜಲೀಸ್ ಪಕ್ಕದ ಇಂಗಲ್‌ವುಡ್‌ನಲ್ಲಿ, ಇನ್ನೂ ಭಾನುವಾರ. ಅಮೆರಿಕನ್ ಫುಟ್‌ಬಾಲಿನ ವರ್ಷದ ಕೊನೆಯ ಪಂದ್ಯ ಸೂಪರ್ ಬೌಲ್ ನಡೆಯುತ್ತಿತ್ತು. ಒಂದು ಕಡೆ ಲಾಸ್ ಏಂಜಲೀಸ್ ರ‍್ಯಾಮ್ಸ್, ಇನ್ನೊಂದು ಕಡೆ ಸಿನ್ಸಿನಾಟಿ ಬೆಂಗಾಲ್ಸ್. ಗೆಳೆಯ ವರ್ಷಗಟ್ಟಲೆ ಸಿನ್ಸಿನಾಟಿಯವರ ಜೊತೆ ರಾತ್ರಿಪಾಳಿ ಮಾಡಿದವನು. ಆ ಊರನ್ನು ಕಣ್ಣಿಂದ ನೋಡದಿದ್ದರೂ ಆ ತಂಡ ಅವನದಾಗಿತ್ತು.

ಆಫೀಸಿಗೆ ಹೊರಡುವ ಹೊತ್ತು ಮೀರಿತ್ತು. ಪಂದ್ಯ ಮುಗಿಯಲು ಒಂದು ನಿಮಿಷವೂ ಉಳಿದಿರಲಿಲ್ಲ. ರ‍್ಯಾಮ್ಸ್ 23, ಬೆಂಗಾಲ್ಸ್ 20. ಬೆಂಗಾಲ್ಸ್‌ಗೆ ಇದ್ದದ್ದು ಕೊನೆಯ ಯತ್ನ, ಬೇಕಾಗಿದ್ದದ್ದು ಒಂದು ಗಜ. ಚೆಂಡು ಎಸೆಯುವ ಜೋ ಬರೋ ಎರಡು ಹೆಜ್ಜೆ ಹಿಂದೆ ಸರಿದ. ಅಷ್ಟರಲ್ಲಿ ಎದುರಾಳಿ ಆರನ್ ಡೊನಾಲ್ಡ್ ಸಾಲು ಮುರಿದು ಬಂದು ಅವನನ್ನು ಹಿಡಿದು ಗಿರ‍್ರನೆ ತಿರುಗಿಸಿದ. ಬೀಳುತ್ತ ಬರೋ ಎಸೆದ ಚೆಂಡು ಯಾರ ಕೈಗೂ ಸಿಗದೆ ನೆಲ ಮುಟ್ಟಿತು. ಅಲ್ಲಿಗೆ ಎಲ್ಲ ಮುಗಿಯಿತು.

ಆಮೇಲೆ ವಿಡಿಯೊದಲ್ಲಿ ಕಂಡದ್ದು ಇದು: ಅದೇ ಕ್ಷಣದಲ್ಲಿ ಮೈದಾನದ ಅಂಚಿನಲ್ಲಿ ಜಮಾರ್ ಚೇಸ್ ಓಡುತ್ತಿದ್ದ. ಅವನನ್ನು ಕಾಯಬೇಕಿದ್ದ ಜೇಲನ್ ರ‍್ಯಾಮ್ಸಿ ಕಾಲು ಜಾರಿ ಬಿದ್ದಿದ್ದ. ಚೇಸ್ ಒಂಟಿ. ಇನ್ನೊಂದೇ ಸೆಕೆಂಡು ಸಿಕ್ಕಿದ್ದರೆ ಚೆಂಡು ಅವನ ಕಡೆ ಹಾರುತ್ತಿತ್ತು.

“ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಮಾರಾಯ,” ಅಂದ ಗೆಳೆಯ. ತುತ್ತು ಕೈಗೇ ಬಂದಿರಲಿಲ್ಲವಲ್ಲ ಅನ್ನಿಸಿತು ನನಗೆ. ಅಂದು ಶುರುವಾದ ವಾದ ನಮ್ಮಿಬ್ಬರ ನಡುವೆ ಇನ್ನೂ ನಿಂತಿಲ್ಲ. ಒಂದು ತಂಡಕ್ಕೆ ಅಸಾಮಾನ್ಯನಾದ ವೈಡ್ ರಿಸೀವರ್ ಬೇಕೇ?

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಹೆಸರಿಗೆ ಫುಟ್‌ಬಾಲ್, ಆದರೆ ಹೆಚ್ಚಾಗಿ ಕೈಯ ಆಟ. ಒಂದೊಂದು ಕಡೆ 11 ಜನ. ನಾಲ್ಕು ಯತ್ನಗಳಲ್ಲಿ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಯತ್ನ, ಇಲ್ಲವಾದರೆ ಚೆಂಡು ಎದುರಾಳಿಗೆ. ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅಂಚಿನಿಂದ ಓಡಿ ಹಿಡಿಯುವವನು ವೈಡ್ ರಿಸೀವರ್. ಎಸೆಯುವವನ ಮುಂದೆ ಗೋಡೆಯಂತೆ ನಿಲ್ಲುವ ಐದು ಭಾರೀ ಆಳುಗಳು ಆಫೆನ್ಸಿವ್ ಲೈನ್. ಚೆಂಡು ಎಸೆಯುವ ಆಟವಾದರೆ ಎರಡು ಮೂರು ಸೆಕೆಂಡು ಸಂಪಾದಿಸಿಕೊಡುವುದೇ ಅವರ ಕೆಲಸ.

ಸಿನ್ಸಿನಾಟಿಯಲ್ಲಿ ಈ ಪ್ರಶ್ನೆ ಹುಟ್ಟಿದ್ದು 2021ರ ವಸಂತದಲ್ಲಿ. ಕಾಲೇಜು ಮುಗಿಸಿ ಬರುವ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ, ಹಿಂದಿನ ವರ್ಷ ಹೆಚ್ಚು ಸೋತವರಿಗೆ ಮೊದಲ ಸರದಿ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಬೆಂಗಾಲ್ಸ್‌ನದು ಐದನೆಯ ಸರದಿ. ಹಿಂದಿನ ನವೆಂಬರಿನಲ್ಲಷ್ಟೇ ಬರೋನ ಎಡ ಮೊಣಕಾಲು ಮುರಿದಂತಾಗಿತ್ತು, ಕಾರಣ ಆ ಗೋಡೆ ಗಟ್ಟಿಯಿರಲಿಲ್ಲ ಎನ್ನುವವರು ಬಹಳ. ಈಗ ಎದುರಿಗಿದ್ದದ್ದು ಎರಡು ಹೆಸರು. ಒಂದು, ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬರೋ ಜೊತೆಗೇ ಆಡಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ರಿಸೀವರ್ ಚೇಸ್. ಇನ್ನೊಂದು, ಗೋಡೆಯಲ್ಲಿ ನಿಲ್ಲುವ ಪೆನೇ ಸೂವೆಲ್. ಓಡುವವನೋ, ಕಾಯುವವನೋ? ಬೆಂಗಾಲ್ಸ್ ಚೇಸ್‌ನನ್ನು ಆರಿಸಿತು. ಎರಡು ಸರದಿ ದಾಟಿ ಏಳನೆಯದರಲ್ಲಿ ಡೆಟ್ರಾಯ್ಟ್ ಲಯನ್ಸ್ ಸೂವೆಲ್‌ನನ್ನು ಕರೆದುಕೊಂಡಿತು.

ಗೆಳೆಯನ ವಾದ ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಚೇಸ್ ಮೊದಲ ವರ್ಷವೇ 1,455 ಗಜ ಓಟಕ್ಕೆ ಚೆಂಡು ಹಿಡಿದ, 13 ಟಚ್‌ಡೌನ್ ಗಳಿಸಿದ. ಹಿಂದಿನ ವರ್ಷ ನಾಲ್ಕೇ ಪಂದ್ಯ ಗೆದ್ದಿದ್ದ ತಂಡ ಸೂಪರ್ ಬೌಲ್‌ಗೆ ಬಂತು. 1991ರ ಜನವರಿಯ ನಂತರ ಒಂದು ಪ್ಲೇಆಫ್ ಪಂದ್ಯವನ್ನೂ ಗೆಲ್ಲದ ಊರು ಅದು, 31 ವರ್ಷ ಕಾದಿತ್ತು. ಅಲ್ಲದೆ ಇಂಥ ಆಟಗಾರನ ಬೆಲೆ ಅವನು ಹಿಡಿದ ಚೆಂಡುಗಳಲ್ಲಷ್ಟೇ ಇರುವುದಿಲ್ಲ. ಅವನ ಮೇಲೆ ಎದುರಾಳಿಗಳು ಇಬ್ಬರನ್ನು ಹಾಕಬೇಕಾಗುತ್ತದೆ, ಆಗ ಉಳಿದವರಲ್ಲಿ ಯಾರಿಗೋ ಜಾಗ ಸಿಗುತ್ತದೆ. ಚೆಂಡು ಮುಟ್ಟದೆಯೂ ಅವನು ಆಡುತ್ತಿರುತ್ತಾನೆ. ಇನ್ನೂ ಒಂದು: ಗೋಡೆ ಗಟ್ಟಿಯಿದೆ ಎಂದು ನೋಡಲು ಯಾರೂ ಟಿಕೆಟ್ ಕೊಳ್ಳುವುದಿಲ್ಲ. ಗಾಳಿಯಲ್ಲಿ ಮೈ ಚಾಚಿ ಒಂದು ಕೈಯಲ್ಲಿ ಚೆಂಡು ಹಿಡಿಯುವವನನ್ನು ನೋಡಿದಾಗ ಆಗುವ ಸಂತೋಷವೂ ಒಂದು ಅಗತ್ಯವೇ ಅಲ್ಲವೇ ಎಂದು ಗೆಳೆಯ ಕೇಳಿದರೆ ನನ್ನಲ್ಲಿ ಥಟ್ಟನೆ ಉತ್ತರವಿಲ್ಲ.

ಆದರೆ ಅದೇ ವರ್ಷದ ಇನ್ನೊಂದು ಲೆಕ್ಕ ಇದೆ. ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕನ್ನು ಕೆಡವುವುದಕ್ಕೆ ಸ್ಯಾಕ್ ಎನ್ನುತ್ತಾರೆ. ಲೀಗ್ ಪಂದ್ಯಗಳಲ್ಲಿ ಬರೋನನ್ನು 51 ಸಲ ಕೆಡವಿದರು. ಆಮೇಲಿನ ನಾಲ್ಕು ಪ್ಲೇಆಫ್ ಪಂದ್ಯಗಳಲ್ಲಿ 19 ಸಲ, ಅದರಲ್ಲಿ ಸೂಪರ್ ಬೌಲ್ ಒಂದರಲ್ಲೇ ಏಳು ಸಲ. ಹೊಸದಾಗಿ ಕಟ್ಟಿದ ಮೊಣಕಾಲಿನ ಮನುಷ್ಯ 70 ಸಲ ನೆಲಕ್ಕೆ ಬಿದ್ದು ಎದ್ದ. ಚೇಸ್‌ನ ಓಟವನ್ನು ನಾವು ಕೊಂಡಾಡುವಾಗ ಅದರ ಬೆಲೆ ಯಾರ ಮೈಯಿಂದ ಸಂದಾಯವಾಯಿತು ಎಂಬುದು ಈ ಅಂಕಿಯಲ್ಲಿದೆ.

ಗೋಡೆಯಲ್ಲಿ ನಿಲ್ಲುವವರ ಬಗ್ಗೆ ನನಗೆ ಕಾಡುವ ಒಂದು ಸಂಗತಿ ಉಂಟು. ರಿಸೀವರ್ ಹಿಡಿದ ಪ್ರತಿ ಚೆಂಡು, ಓಡಿದ ಪ್ರತಿ ಗಜ ದಾಖಲಾಗುತ್ತದೆ. ಲೈನ್ ಆಟಗಾರನಿಗೆ ಅಂಥ ಲೆಕ್ಕದ ಸಾಲೇ ಇಲ್ಲ. ಅವನ ಜೆರ್ಸಿಯ ನಂಬರ್ ಕ್ರೀಡಾಂಗಣಕ್ಕೆಲ್ಲ ಕೇಳಿಸುವುದು ಅವನು ಎದುರಾಳಿಯನ್ನು ತಪ್ಪಾಗಿ ಹಿಡಿದಾಗ, ರೆಫರಿ ಮೈಕಿನಲ್ಲಿ ಕೂಗಿದಾಗ. ಮದುವೆಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದ ದಿನ ಮಾತ್ರ ಅಡುಗೆಯವರು ಯಾರು ಎಂದು ವಿಚಾರಿಸುತ್ತೇವಲ್ಲ, ಹಾಗೆ.

ಇದು ಬರೀ ಮೆಚ್ಚುಗೆಯ ಪ್ರಶ್ನೆಯಾಗಿದ್ದರೆ ಬಿಡಬಹುದಿತ್ತು. 1994ರಿಂದ ಈ ಲೀಗಿನಲ್ಲಿ ಸಂಬಳಕ್ಕೆ ಮಿತಿಯಿದೆ. ಪ್ರತಿ ತಂಡಕ್ಕೂ ಅಷ್ಟೇ ಹಣ, 53 ಜನರಲ್ಲಿ ಹಂಚಬೇಕು. 2025ರಲ್ಲಿ ಆ ಮಿತಿ 27.92 ಕೋಟಿ ಡಾಲರ್. ಆ ವರ್ಷವೇ ಚೇಸ್ ಜೊತೆ ಬೆಂಗಾಲ್ಸ್ ನಾಲ್ಕು ವರ್ಷಕ್ಕೆ 16.1 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. ವರ್ಷದ ಸರಾಸರಿ ತೆಗೆದರೆ ಇಡೀ ತಂಡದ ಗಂಟಿನಲ್ಲಿ ಸುಮಾರು ಏಳರಲ್ಲೊಂದು ಪಾಲು. ಅವನು ಅದಕ್ಕೆ ಯೋಗ್ಯನಲ್ಲ ಎನ್ನುವ ಧೈರ್ಯ ನನಗಿಲ್ಲ: 2024ರಲ್ಲಿ ಹಿಡಿತ, ಗಜ, ಟಚ್‌ಡೌನ್ ಮೂರರಲ್ಲೂ ಲೀಗಿಗೇ ಮೊದಲಿಗ. ಅದೇ ವರ್ಷ ಬಾಲ್ಟಿಮೋರಿನ ಒಂದು ಪಂದ್ಯದಲ್ಲಿ 264 ಗಜ, ಮೂರು ಟಚ್‌ಡೌನ್. ಆ ಪಂದ್ಯವನ್ನು ಬೆಂಗಾಲ್ಸ್ 35-34ರಲ್ಲಿ ಸೋತಿತು. ವರ್ಷದ ಕೊನೆಗೆ ಪ್ಲೇಆಫ್‌ಗೂ ಬರಲಿಲ್ಲ.

ಇಷ್ಟಾದ ಮೇಲೆ ನಾನು ಗೆಳೆಯನಿಗೆ ಕೊಡುತ್ತಿದ್ದ ಬ್ರಹ್ಮಾಸ್ತ್ರ ಕ್ಯಾನ್ಸಸ್ ಸಿಟಿ ಚೀಫ್ಸ್. 2022ರ ಮಾರ್ಚಿನಲ್ಲಿ ಅವರು ಲೀಗಿನ ಅತಿ ವೇಗದ ರಿಸೀವರ್‌ಗಳಲ್ಲಿ ಒಬ್ಬನಾದ ಟೈರೀಕ್ ಹಿಲ್‌ನನ್ನು ಮಯಾಮಿಗೆ ಬಿಟ್ಟುಕೊಟ್ಟು ಬದಲಿಗೆ ಡ್ರಾಫ್ಟಿನ ಐದು ಸರದಿ ಪಡೆದರು. ಮುಂದಿನ ಎರಡು ಸೂಪರ್ ಬೌಲ್‌ಗಳನ್ನೂ ಗೆದ್ದರು. ಹಿಲ್ 2023ರಲ್ಲಿ 1,799 ಗಜ ಗಳಿಸಿ ಲೀಗಿಗೆ ಮೊದಲಿಗನಾದ. ಆದರೆ ಆ ಜನವರಿಯ ಕೊರೆಯುವ ಚಳಿಯಲ್ಲಿ ಮಯಾಮಿ ಅದೇ ಕ್ಯಾನ್ಸಸ್ ಸಿಟಿಗೆ ಬಂದು 26-7ರಲ್ಲಿ ಸೋತುಹೋಯಿತು. ಮಯಾಮಿಯ ಒಂದೇ ಒಂದು ಟಚ್‌ಡೌನ್ ಹಿಲ್‌ನದು.

ಗೆಳೆಯ ನಕ್ಕ. “ಪ್ಯಾಟ್ರಿಕ್ ಮಹೋಮ್ಸ್ ಎಸೆಯುತ್ತಿದ್ದ, ಟ್ರಾವಿಸ್ ಕೆಲ್ಸಿ ಹಿಡಿಯುತ್ತಿದ್ದ. ಮನೆಯಲ್ಲಿ ಇಬ್ಬರು ಅಸಾಮಾನ್ಯರನ್ನು ಇಟ್ಟುಕೊಂಡು ಮೂರನೆಯವನು ಬೇಡ ಅಂದರೆ ಅದೇನು ವೈರಾಗ್ಯವೇ?” ಅವನ ಮಾತು ಸರಿ. ಚೀಫ್ಸ್ ಕತೆಯಿಂದ ಹೊರಡುವುದು ಇಷ್ಟೇ: ಯಾವುದು ಇಲ್ಲದಿದ್ದರೆ ನಿಲ್ಲಲಾಗದೋ ಅದನ್ನು ಇಟ್ಟುಕೊಂಡು, ಇದ್ದರೆ ಚೆನ್ನ ಎನ್ನುವುದನ್ನು ಬಿಟ್ಟರು. ಎರಡನ್ನೂ ನಾವು ‘ಬೇಕು’ ಎಂಬ ಒಂದೇ ಪದದಲ್ಲಿ ಹೇಳುತ್ತೇವೆ. ವಾದ ಹಳಿ ತಪ್ಪುವುದು ಅಲ್ಲೇ.

ನನ್ನ ಯೋಚನೆಯನ್ನು ತಿರುಗಿಸಿದ್ದು ಹಳೆಯ ಡೆಟ್ರಾಯ್ಟಿನ ಕ್ಯಾಲ್ವಿನ್ ಜಾನ್ಸನ್. 2012ರಲ್ಲಿ ಅವನು 1,964 ಗಜ ಗಳಿಸಿದ. ಒಂದು ಋತುವಿನಲ್ಲಿ ಅಷ್ಟನ್ನು ಅದಕ್ಕೂ ಮೊದಲು ಯಾರೂ ಮಾಡಿರಲಿಲ್ಲ. ಆ ವರ್ಷ ಲಯನ್ಸ್ ಗೆದ್ದದ್ದು 4, ಸೋತದ್ದು 12. ಅದಕ್ಕೂ ಮುಂಚೆ, 2008ರಲ್ಲಿ, 16ಕ್ಕೆ 16 ಪಂದ್ಯ ಸೋತ ತಂಡದಲ್ಲಿ ಅವನು 12 ಟಚ್‌ಡೌನ್ ಹಿಡಿದಿದ್ದ. ಜೀವಮಾನದಲ್ಲಿ ಒಂದೂ ಪ್ಲೇಆಫ್ ಗೆಲುವು ಕಾಣದೆ, ಮೂವತ್ತರ ವಯಸ್ಸಿಗೆ, ಸೋತ ಮೈ ಹೊತ್ತು ನಿವೃತ್ತನಾದ.

ನಾವು ಯಾವಾಗಲೂ ತಂಡದ ಕಡೆ ನಿಂತು ‘ಅವನು ನಮಗೆ ಬೇಕೇ’ ಎಂದು ಕೇಳುತ್ತಿದ್ದೆವು. ಜಾನ್ಸನ್‌ನ ಕಡೆ ನಿಂತರೆ ಪ್ರಶ್ನೆ ಬೇರೆಯಾಗುತ್ತದೆ: ಈ ತಂಡ ಅವನಿಗೆ ತಕ್ಕುದಾಗಿತ್ತೇ? ಅಡಿಪಾಯ ಹಾಕದೆ ಕಳಸ ತಂದಿಟ್ಟವರು ಅಡಿಪಾಯದ ಕಲ್ಲುಗಳಿಗಷ್ಟೇ ಅನ್ಯಾಯ ಮಾಡಲಿಲ್ಲ, ಕಳಸಕ್ಕೂ ಮಾಡಿದರು. ಒಬ್ಬನ ಪ್ರತಿಭೆಯನ್ನು ಕೊಂಡುಕೊಳ್ಳುವುದು ಎಂದರೆ ಅದು ವ್ಯರ್ಥವಾಗದಂತೆ ನೋಡಿಕೊಳ್ಳುವ ಹೊಣೆಯನ್ನೂ ಹೊರುವುದು. ಆ ಹೊಣೆ ಹೊರಲಾಗದವರಿಗೆ ಅವನು ಬೇಕು ಎನ್ನುವ ಹಕ್ಕು ಎಲ್ಲಿಂದ ಬಂತು?

ಅದೇ ಡೆಟ್ರಾಯ್ಟ್ 2021ರ ಆ ಡ್ರಾಫ್ಟಿನಲ್ಲಿ ಸೂವೆಲ್‌ನನ್ನು ತಂದಿತು ಎಂದೆನಲ್ಲ. ಚೇಸ್ ಆಗಲೇ ಕೈತಪ್ಪಿದ್ದರಿಂದ ಅದನ್ನು ದೊಡ್ಡ ವಿವೇಕ ಎಂದು ಹೊಗಳಬೇಕಿಲ್ಲ. ಆದರೆ ಗೋಡೆ ಎದ್ದ ಮೇಲೆ ನಡೆದದ್ದು ನೋಡಿ. ಅದೇ ಡ್ರಾಫ್ಟಿನ ನಾಲ್ಕನೆಯ ಸುತ್ತಿನಲ್ಲಿ, 112ನೆಯವನಾಗಿ, ಅಮನ್-ರಾ ಸೇಂಟ್ ಬ್ರೌನ್ ಎಂಬ ರಿಸೀವರ್ ಅವರಿಗೆ ಸಿಕ್ಕ. ತನಗಿಂತ ಮೊದಲು ಆಯ್ಕೆಯಾದ 16 ರಿಸೀವರ್‌ಗಳ ಹೆಸರನ್ನೂ ಬಾಯಿಪಾಠ ಮಾಡಿಟ್ಟುಕೊಂಡ ಹಟಮಾರಿ. ಆ ಗೋಡೆಯ ಹಿಂದೆ ಅವನು ಲೀಗಿನ ಮೊದಲ ಸಾಲಿನ ಆಟಗಾರನಾಗಿ ಬೆಳೆದ. 2024ರ ಜನವರಿಯಲ್ಲಿ ಲಯನ್ಸ್ ಪ್ಲೇಆಫ್ ಪಂದ್ಯ ಗೆದ್ದಿತು, 32 ವರ್ಷಗಳ ನಂತರ.

ಇನ್ನು ಅಂದು ಗೆದ್ದ ರ‍್ಯಾಮ್ಸ್ ಕಡೆ ಕೂಪರ್ ಕಪ್ ಇದ್ದ. ಆ ವರ್ಷ 1,947 ಗಜ ಗಳಿಸಿದ್ದ ರಿಸೀವರ್, ಪಂದ್ಯದ ಶ್ರೇಷ್ಠ ಆಟಗಾರನೂ ಅವನೇ, ಗೆಲುವಿನ ಟಚ್‌ಡೌನೂ ಅವನದೇ. ಅದಕ್ಕೆ ಸ್ವಲ್ಪ ಮುಂಚೆ ರ‍್ಯಾಮ್ಸ್‌ಗೂ ಕೊನೆಯ ಯತ್ನದಲ್ಲಿ ಒಂದು ಗಜ ಬೇಕಾಗಿತ್ತು. ಅವರು ದೂರ ಎಸೆಯಲಿಲ್ಲ. ಚೆಂಡನ್ನು ಕಪ್‌ನ ಕೈಗೇ ಕೊಟ್ಟರು, ಅವನು ಏಳು ಗಜ ಓಡಿದ. ಚೆಂಡು ತನ್ನ ಕಡೆ ಬಾರದ ಆಟಗಳಲ್ಲಿ ತನಗಿಂತ ದೊಡ್ಡವರಿಗೆ ಎದೆಯೊಡ್ಡಿ ತಡೆಯುವುದಕ್ಕೂ ಹೆಸರಾದವನು ಅವನು. ಆದ್ದರಿಂದ ಅಸಾಮಾನ್ಯನು ಬೇಡ ಎಂದು ಆ ಪಂದ್ಯ ಹೇಳಲಿಲ್ಲ. ನನ್ನ ಮೊದಲ ವಾದ ಅಲ್ಲಿ ಬಿದ್ದುಹೋಯಿತು ಎಂದು ಒಪ್ಪುತ್ತೇನೆ.

ಇದೆಲ್ಲ ಯಾರದೋ ದೇಶದ ಆಟವಾಗಿ ಉಳಿಯದೆ ನನ್ನನ್ನು ಚುಚ್ಚಲು ಕಾರಣವಿದೆ. ಒಂದು ವರ್ಷ ನನ್ನ ಚಿಕ್ಕ ತಂಡದ ಬೋನಸ್ ಹಂಚುವ ಕೆಲಸ ನನಗೆ ಬಂತು. ಇದ್ದದ್ದು ಇಷ್ಟೇ ಹಣ, ಏಳು ಜನ. ದೊಡ್ಡ ಪಾಲನ್ನು ಡೆಮೊಗಳಲ್ಲಿ ಎಲ್ಲರನ್ನೂ ಬೆರಗುಗೊಳಿಸುತ್ತಿದ್ದ ಹುಡುಗನಿಗೆ ಕೊಟ್ಟೆ. ರಾತ್ರಿ ಏನು ಕೆಟ್ಟರೂ ಎದ್ದು ಸರಿಮಾಡುತ್ತಿದ್ದ ಹುಡುಗಿಯ ಹೆಸರಿನ ಮುಂದೆ ಬರೆಯಲು ನನಗೆ ಒಂದು ಅಂಕಿಯೂ ಸಿಗಲಿಲ್ಲ. ಏನೂ ಕೆಡದಿದ್ದ ರಾತ್ರಿಗಳನ್ನು ಹೇಗೆ ಎಣಿಸುವುದು? ನಾಲ್ಕು ತಿಂಗಳಲ್ಲಿ ಅವಳು ಬಿಟ್ಟುಹೋದಳು. ಆಮೇಲೆ ರಾತ್ರಿ ಎದ್ದು ಕೂರಬೇಕಾದವನು ಅದೇ ಹುಡುಗ. ಆ ವರ್ಷ ಅವನು ಹೊಸದೇನನ್ನೂ ಕಟ್ಟಲಿಲ್ಲ. ಒಂದೇ ಸಹಿಯಲ್ಲಿ ಇಬ್ಬರಿಗೂ ಅನ್ಯಾಯ ಮಾಡಿದ್ದೆ.

ಮೊನ್ನೆ ಗೆಳೆಯ ಮತ್ತೆ ಕೇಳಿದ: “ಸುತ್ತುಬಳಸಿ ಬೇಡ. 2021ರಲ್ಲಿ ನೀನಾಗಿದ್ದರೆ ಯಾರನ್ನು ಆರಿಸುತ್ತಿದ್ದೆ?”

ಸೂವೆಲ್‌ನನ್ನು ಎಂದೆ. ಆರಿಸಿ, ಚೇಸ್ ಇನ್ಯಾವುದೋ ತಂಡದ ಜೆರ್ಸಿಯಲ್ಲಿ ಓಡುವುದನ್ನು ನೋಡುತ್ತ ಹೊಟ್ಟೆ ಉರಿಸಿಕೊಂಡು ಕೂರುತ್ತಿದ್ದೆ. ಆ ಉರಿ ತಪ್ಪುವುದಿಲ್ಲ, ಸರಿಯಾದದ್ದನ್ನು ಆರಿಸಿದವರಿಗೂ ತಪ್ಪುವುದಿಲ್ಲ. “31 ವರ್ಷದ ಮೇಲೆ ಗೆದ್ದ ಆ ರಾತ್ರಿಯನ್ನು ನೀನು ಆ ಊರಿಗೆ ಕೊಡುತ್ತಿರಲಿಲ್ಲ ಹಾಗಾದರೆ,” ಅಂದ ಅವನು. ಬಹುಶಃ ಕೊಡುತ್ತಿರಲಿಲ್ಲ. ಅದಕ್ಕೆ ನನ್ನಲ್ಲಿ ಮರುಮಾತಿಲ್ಲ. ನನ್ನ ಕಣ್ಣಮುಂದೆ ಇರುವುದು ಆ ಕೊನೆಯ ಯತ್ನ: ಮಧ್ಯದಲ್ಲಿ ಗೋಡೆ ಕುಸಿಯುತ್ತಿದೆ, ಬರೋ ಬೀಳುತ್ತಿದ್ದಾನೆ, ಅಂಚಿನಲ್ಲಿ ಒಬ್ಬ, ಬಾರದ ಚೆಂಡಿಗಾಗಿ ತನ್ನ ಪಾಲಿನ ಓಟವನ್ನು ಒಂದು ಹೆಜ್ಜೆಯೂ ತಪ್ಪದೆ ಓಡುತ್ತಿದ್ದಾನೆ.