ಸದ್ದಿನ ಸಾಲ

ಮೂರು ವಾರಾಂತ್ಯ ಒಂದೇ ಒಂದು ಸದ್ದಿನ ಹಿಂದೆ ಬಿದ್ದಿದ್ದೆ. ಮನೆ ಇಂದಾಪುರದಲ್ಲಿ, ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಓಡಾಡುತ್ತವೆ, ಹೆಡ್‌ಫೋನ್ ಇಲ್ಲದೆ ಏನೂ ಕೇಳಿಸದು. ನಾನು ಕೇಳುತ್ತಿದ್ದದ್ದು ಚರಣ್‌ಜಿತ್ ಸಿಂಗ್ 1982ರಲ್ಲಿ ತಂದ 'ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್'ನ ಭೈರವ್. ಅದರಡಿ ಹರಿಯುವ ಬಾಸ್ ನನಗೆ ಬೇಕಿತ್ತು. ಮನೆಯವಳ ಪ್ರಕಾರ ಅದು ಕೆಟ್ಟ ಮಿಕ್ಸಿಯ ಸದ್ದು.

ಸಿಂಗ್ ಮುಂಬೈಯ ಸಿನಿಮಾ ವಾದ್ಯವೃಂದಗಳಲ್ಲಿ ನುಡಿಸುತ್ತಿದ್ದವರು. ಬಳಸಿದ್ದು ರೋಲ್ಯಾಂಡ್ ಕಂಪನಿಯ ಟಿಬಿ-303. ಒಬ್ಬಂಟಿ ವಾದಕರಿಗೆ ಬಾಸ್ ಗಿಟಾರಿನ ಸಾಥ್ ಕೊಡಲೆಂದು ಮಾಡಿದ ಪೆಟ್ಟಿಗೆ. ಯಾರಿಗೂ ರುಚಿಸದೆ 1984ರಲ್ಲಿ ತಯಾರಿಕೆಯೇ ನಿಂತಿತು. 1987ರಲ್ಲಿ ಶಿಕಾಗೋದ ಫ್ಯೂಚರ್ ತಂಡ ಅದರ ಗುಂಡಿ ತಿರುವಿ ಆಸಿಡ್ ಹೌಸ್‌ಗೆ ದಾರಿ ಮಾಡಿತು. ಸಿಂಗ್ ಅವರ ರೆಕಾರ್ಡು 2010ರಲ್ಲಿ ಮರುಬಿಡುಗಡೆಯಾದಾಗಲೇ ಹೊರಗಿನವರು ಬೆರಗಾದದ್ದು.

ಪಾಕ ಸರಳ. ಗರಗಸದ ಹಲ್ಲಿನಂಥ ಒಂದು ಅಲೆ, ಮೇಲಿನ ಕಂಪನಗಳನ್ನು ಕತ್ತರಿಸುವ ಫಿಲ್ಟರ್, ಕತ್ತರಿಸಿದ ಅಂಚನ್ನು ಕೆರಳಿಸುವ ರೆಸೊನೆನ್ಸ್. ಲ್ಯಾಪ್‌ಟಾಪಿನಲ್ಲಿ ಅರ್ಧ ಗಂಟೆಗೆ ಬಣ್ಣ ಬಂತು, ಜೀವ ಬರಲಿಲ್ಲ. ಜೀವಾಳಿ ಕೂರದ ತಂಬೂರಿಯ ಹಾಗೆ. ಆಮೇಲೆ ಹೊಳೆಯಿತು: ಸ್ಲೈಡ್. ಈ ಯಂತ್ರ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ, ಅಂತರ ಎಷ್ಟೇ ಇರಲಿ, ಹೆಚ್ಚುಕಡಿಮೆ ಅಷ್ಟೇ ಹೊತ್ತು ತೆಗೆದುಕೊಳ್ಳುತ್ತದೆ. ನಾನು ಎಲ್ಲ ಸ್ವರಕ್ಕೂ ಜಾರಿಕೆ ಹಾಕಿ ಕೆಡಿಸಿದ್ದೆ. ಎಲ್ಲಿ ಜಾರಬಾರದು ಎನ್ನುವುದನ್ನು ಕೇಳಿ ಕೇಳಿ, ಒಂದೊಂದಾಗಿ ತೆಗೆದೆ.

ಆ ತುಣುಕನ್ನು ಆಫೀಸಿನ ಗೆಳೆಯರಿಗೆ ಕೇಳಿಸಿದೆ. "ನೀವೇ ಮಾಡಿದ್ದಾ?" ಅಂದರು. ಹೂಂ ಅಂದೆ.

ಸುಳ್ಳಲ್ಲ. ಮೂಲದಿಂದ ಒಂದು ಸೆಕೆಂಡೂ ಎತ್ತಿರಲಿಲ್ಲ. ಭೈರವ್ ಯಾರಪ್ಪನ ಆಸ್ತಿಯೂ ಅಲ್ಲ. ಕಾನೂನು ಕಾಯುವುದು ಧ್ವನಿಮುದ್ರಣವನ್ನು, ಸದ್ದಿನ ಬಣ್ಣವನ್ನಲ್ಲ. ಹಾಗಾದರೆ ಆ 'ಹೂಂ' ಯಾಕೆ ಚುಚ್ಚಬೇಕು?

ಚುಚ್ಚಿದ್ದು ಇನ್ನೊಂದು ಹೂಂ ನೆನಪಾಗಿ. ಹಿಂದೊಂದು ಪ್ರಾಜೆಕ್ಟಿನಲ್ಲಿ ತಂಡದ ಹುಡುಗಿಯೊಬ್ಬಳು ಬರೆದ ಸ್ಕ್ರಿಪ್ಟನ್ನು ನಾನು ಮೊದಲಿನಿಂದ ಮತ್ತೆ ಬರೆದಿದ್ದೆ. ಪ್ರತಿ ಸಾಲೂ ನನ್ನದೇ. ಕ್ಲೈಂಟ್ ಹೊಗಳಿದಾಗ ಸುಮ್ಮನೆ ತಲೆದೂಗಿದೆ. ಅವಳು ಏನೂ ಅನ್ನಲಿಲ್ಲ, ಕ್ಯಾಮೆರಾ ಆರಿಸಿದಳು. ನಾನು ಬರೆದದ್ದು ನಿಜ; ಆದರೆ ಹತ್ತು ದಾರಿ ಸೋತು, ಯಾವುದನ್ನು ಬರೆಯಬಾರದು ಎಂದು ಕಂಡುಕೊಂಡವಳು ಅವಳು. ಅಷ್ಟನ್ನು ನಾನು ಪುಕ್ಕಟೆ ಪಡೆದಿದ್ದೆ.

ಕಲಿಕೆಯೇ ನಕಲು, ಅದರಲ್ಲೇನಿದೆ ಎನ್ನಬಹುದು. ನಾನೂ ಹಾಗೆ ವಾದಿಸಿಕೊಂಡಿದ್ದೇನೆ. ಹಿಂದೂಸ್ತಾನಿ ಗಾಯಕರು ಗುರುವಿನ ಪಲುಕುಗಳನ್ನು ಹಾಗೆ ಹಾಗೇ ಹಾಡುತ್ತಾರೆ, ಯಾರೂ ಅದನ್ನು ಕಳವು ಅನ್ನುವುದಿಲ್ಲ. ಆದರೆ ಗುರುವಿನ ಹೆಸರು ಬಂದಾಗ ಕಿವಿ ಮುಟ್ಟಿಕೊಳ್ಳುತ್ತಾರಲ್ಲ, ಅದಕ್ಕೆ ಖರ್ಚೇನೂ ಇಲ್ಲ. ನಾನು ಉಳಿಸಿಕೊಂಡದ್ದು ಅಷ್ಟು ಸಣ್ಣದನ್ನು ಎಂಬುದೇ ನಾಚಿಕೆ.

ಗೆಳೆಯರ ಗುಂಪಿಗೆ ಮೂಲ ಹಾಡಿನ ಕೊಂಡಿ ಕಳಿಸಿದೆ, ಸುಲಭವಿತ್ತು. 2015ರಲ್ಲಿ ತೀರಿಕೊಂಡ ಸಿಂಗ್ ಅವರಿಗೆ ಅದರಿಂದ ಏನೂ ಆಗಬೇಕಿಲ್ಲ. ಆ ಹುಡುಗಿ ಈಗ ಬೇರೆ ಕಂಪನಿಯಲ್ಲಿದ್ದಾಳೆ. ಅವಳಿಗೆ ಬರೆಯತೊಡಗಿದ ಮೇಲ್ ಎರಡು ಸಾಲಿಗೆ ನಿಂತಿದೆ. ಎರಡನೆಯ ಸಾಲಿನಲ್ಲೇ ನನ್ನ ಸಮರ್ಥನೆ ಶುರುವಾಗಿತ್ತು, ಅಳಿಸಿದೆ.