ಜಕ್ಕಾಯನ ಲೆಕ್ಕ, ನಮ್ಮ ಗುಡ್ಡಗಳ ಸಾಲ



ಸಂತ ಲೂಕನ ಶುಭಸಂದೇಶದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಬರುವ ಜಕ್ಕಾಯನ ಕಥೆ ಸತ್ಯೋಪದೇಶ ತರಗತಿಯ ಮಕ್ಕಳಿಗೆಲ್ಲ ಬಲು ಇಷ್ಟ. ಕುಳ್ಳ ಮನುಷ್ಯ, ದೊಡ್ಡ ಸುಂಕದ ಅಧಿಕಾರಿ, ಜನಜಂಗುಳಿಯಲ್ಲಿ ಏನೂ ಕಾಣದೆ ಅತ್ತಿಮರ ಹತ್ತುತ್ತಾನೆ. ಯೇಸುಸ್ವಾಮಿ ಕತ್ತೆತ್ತಿ ನೋಡಿ ಅವನನ್ನು ಹೆಸರು ಹಿಡಿದು ಕರೆಯುತ್ತಾರೆ, ಅವನ ಮನೆಗೇ ಅತಿಥಿಯಾಗಿ ಹೋಗುತ್ತಾರೆ. ಚಿತ್ರ ಬರೆಯಿರಿ ಎಂದರೆ ಮಕ್ಕಳು ಮರವನ್ನೂ ಕೊಂಬೆಯ ಮೇಲಿನ ಕುಳ್ಳನನ್ನೂ ಬರೆದು ಬಣ್ಣ ಹಚ್ಚಿ ಮುಗಿಸುತ್ತಾರೆ. ದೊಡ್ಡವರಾದ ನಾವೂ ಸಾಮಾನ್ಯವಾಗಿ ಅಷ್ಟಕ್ಕೇ ನಿಲ್ಲುತ್ತೇವೆ.

ಆದರೆ ಕಥೆಯ ತಿರುಳು ಇರುವುದು ಅವನು ಮರದಿಂದ ಇಳಿದ ಮೇಲೆ. ಜಕ್ಕಾಯ ಎದ್ದು ನಿಂತು ಎಲ್ಲರೆದುರು ಲೆಕ್ಕ ಒಪ್ಪಿಸುತ್ತಾನೆ. ಆಸ್ತಿಯಲ್ಲಿ ಅರ್ಧ ಬಡವರಿಗೆ. ಯಾರಿಂದಲಾದರೂ ಮೋಸದಿಂದ ಕಸಿದಿದ್ದರೆ ಅದರ ನಾಲ್ಕರಷ್ಟು. ಯಾರಿಗೆ? ದೇವಾಲಯದ ಹುಂಡಿಗಲ್ಲ, ಅರಸನ ಬೊಕ್ಕಸಕ್ಕಲ್ಲ. ಯಾರಿಂದ ಕಸಿದಿದ್ದನೋ ಅವರಿಗೇ. ಆ ಮನೆಗೆ ರಕ್ಷಣೆ ಬಂದಿತೆಂದು ಸ್ವಾಮಿ ಸಾರುವುದು ಈ ಲೆಕ್ಕ ಕೇಳಿದ ಮೇಲೆ.

ಧರ್ಮಸಭೆ ಪಾಪನಿವೇದನೆಯ ಸಂಸ್ಕಾರದ ಬಗ್ಗೆ ಕಲಿಸುವುದೂ ಇದನ್ನೇ. ಪಕ್ಕದ ಮನೆಯ ಕೋಳಿ ಕದ್ದು ತಿಂದವನು ಮನಸಾರೆ ಪಶ್ಚಾತ್ತಾಪಪಟ್ಟರೆ ಪಾಪಕ್ಕೆ ಕ್ಷಮೆ ಉಂಟು. ಆದರೆ ಪಕ್ಕದ ಮನೆಯವರ ಕೋಳಿಗೂಡು ಇನ್ನೂ ಖಾಲಿಯಾಗಿಯೇ ಇದೆಯಲ್ಲ! ಅದನ್ನು ತುಂಬಿಕೊಡುವ ಹೊಣೆ ಅವನ ತಲೆಯ ಮೇಲೆಯೇ ಉಳಿಯುತ್ತದೆ. ಮೂರು ನಮೋ ಮರಿಯ ಜಪಿಸಿ ಕೋಳಿಯ ಲೆಕ್ಕ ಚುಕ್ತಾ ಆಯಿತೆಂದು ಯಾವ ಗುರುಗಳೂ ಹೇಳಲಾರರು.

ಈ ಮಾತನ್ನು ನಮ್ಮ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದ ಚಿತ್ರದುರ್ಗ ಜಿಲ್ಲೆಯ ಗುಡ್ಡಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸೀಮೆ ಮಳೆ ಕಡಿಮೆಯ ನಾಡು. ಮೇಲೆ ಮಳೆ ಕಡಿಮೆ ಕೊಟ್ಟ ದೇವರು ಈ ಗುಡ್ಡಗಳ ಹೊಟ್ಟೆಯಲ್ಲಿ ಕಬ್ಬಿಣ, ಮ್ಯಾಂಗನೀಸ್ ಇಟ್ಟ. ನೆತ್ತಿಯ ಮೇಲೆ ಗಾಳಿ ಇಟ್ಟ. ಎರಡಕ್ಕೂ ಈಗ ಬೆಲೆ ಬಂದಿದೆ. ಬೆಲೆ ಬಂದ ಕಡೆ ಲೆಕ್ಕವೂ ಬರಬೇಕು.

ಮೊದಲು ಹೊಟ್ಟೆಯ ಲೆಕ್ಕ. ಅದಿರಿಗೆ ಹೊರದೇಶದಲ್ಲಿ ಬೆಲೆ ಏರಿದ ವರ್ಷಗಳಲ್ಲಿ ಬಳ್ಳಾರಿಯಲ್ಲಿ ನಡೆದದ್ದು ನಾಡಿಗೆಲ್ಲ ಗೊತ್ತು. ಗುತ್ತಿಗೆಯ ಗಡಿಕಲ್ಲು ದಾಟಿ ಅಗೆದರು, ಕಾಡಿನಲ್ಲಿ ಮಣ್ಣಿನ ರಾಶಿ ಸುರಿದರು. ಎಸ್. ಆರ್. ಹಿರೇಮಠ ಅವರ ಸಮಾಜ ಪರಿವರ್ತನಾ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2011ರ ಜುಲೈ ಕೊನೆಯಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಸರ್ಕಾರದ ಕೈಸೇರಿತು. ಅದೇ ಜುಲೈ 29ರಂದು ಬಳ್ಳಾರಿಯ ಗಣಿಗಳನ್ನೂ ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಗಣಿಗಳನ್ನೂ ಕೋರ್ಟು ನಿಲ್ಲಿಸಿತು.

ಆಮೇಲೆ ಆ ಕೋರ್ಟು ಮಾಡಿದ ಏರ್ಪಾಡನ್ನು ನೋಡಿದರೆ, ನ್ಯಾಯಾಧೀಶರು ತಿಳಿದೋ ತಿಳಿಯದೆಯೋ ಪಾಪನಿವೇದನೆಯ ಕ್ರಮವನ್ನೇ ಹಿಡಿದರೇನೋ ಅನ್ನಿಸುತ್ತದೆ. ಮೊದಲು ಎಲ್ಲವೂ ನಿಲ್ಲಲಿ. ಬಳಿಕ ತಪ್ಪಿನ ಅಳತೆಯಾಗಲಿ. ಅಳತೆಯ ಪ್ರಕಾರ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಘೋರ ಅಪರಾಧದ 'ಸಿ' ವರ್ಗದ ಗುತ್ತಿಗೆಗಳು ರದ್ದಾದವು. ಗಡಿ ದಾಟಿದ್ದ 'ಬಿ' ವರ್ಗದವರು ಅಕ್ರಮವಾಗಿ ಅಗೆದ ಗುಂಡಿಗೆ ಹೆಕ್ಟೇರಿಗೆ 5 ಕೋಟಿ ರೂಪಾಯಿ, ಅಕ್ರಮವಾಗಿ ಮಣ್ಣು ಸುರಿದ ಜಾಗಕ್ಕೆ ಹೆಕ್ಟೇರಿಗೆ 1 ಕೋಟಿ ರೂಪಾಯಿ ಕಟ್ಟಬೇಕು. ಕೆಡಿಸಿದ ನೆಲವನ್ನು ಸರಿಪಡಿಸುವ ಯೋಜನೆ ಒಪ್ಪಿಗೆಯಾಗಿ ಕೆಲಸಕ್ಕೆ ಇಳಿಯದೆ ಗಣಿಯ ಬಾಗಿಲು ತೆರೆಯುವಂತಿಲ್ಲ. ಹಾಗೆ ತೆರೆದ ಮೇಲೂ ವರ್ಷಕ್ಕೆ ಇಷ್ಟೇ ತೆಗೆಯಬೇಕೆಂಬ ಮಿತಿ: ಬಳ್ಳಾರಿಗೆ 250 ಲಕ್ಷ ಟನ್, ಚಿತ್ರದುರ್ಗ-ತುಮಕೂರು ಸೇರಿ 50 ಲಕ್ಷ ಟನ್.

ಪಶ್ಚಾತ್ತಾಪವನ್ನು ಕೋರ್ಟು ಹುಟ್ಟಿಸಲಾರದು, ಅದು ಪವಿತ್ರಾತ್ಮರ ಕೆಲಸ. ಆದರೆ ಪರಿಹಾರವನ್ನು ವಸೂಲು ಮಾಡಬಹುದು.

ಇಲ್ಲಿ ಒಂದು ನೋವಿನ ಸಂಗತಿ ಇದೆ. ಗಣಿಗಳು ನಿಂತ ದಿನ ಮೊದಲು ಉಪವಾಸ ಬಿದ್ದವರು ಯಾರು? ಸಾಲ ಮಾಡಿ ಟಿಪ್ಪರ್ ಲಾರಿ ಕೊಂಡವನು, ಅದರ ಚಾಲಕ, ಕ್ಲೀನರ್ ಹುಡುಗ, ದಿನಗೂಲಿಗೆ ಅದಿರು ಆರಿಸುತ್ತಿದ್ದ ತಾಯಂದಿರು, ರಸ್ತೆ ಬದಿಯ ಚಹಾದಂಗಡಿಯವರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯಂತೆ, ಪಾಪ ಒಬ್ಬರದು, ಪ್ರಾಯಶ್ಚಿತ್ತ ಇನ್ನೊಬ್ಬರದು. ಅವರಿಗಿಂತಲೂ ಮೊದಲಿನಿಂದ ಪ್ರಾಯಶ್ಚಿತ್ತ ಮಾಡುತ್ತಿದ್ದವರು ಲಾರಿ ಓಡಾಡುವ ದಾರಿಯ ಊರಿನವರು. ಅಡಿಕೆ ತೋಟದ ಸೋಗೆಯ ಮೇಲೆ ಕೆಂಪು ಧೂಳು, ಒಣಹಾಕಿದ ಬಟ್ಟೆಯ ಮೇಲೆ ಧೂಳು, ಅಂಗಳದ ರಾಗಿಯ ಮೇಲೆ ಧೂಳು. ಜಕ್ಕಾಯನ ನಾಲ್ಕರಷ್ಟು ಸಲ್ಲಬೇಕಾದದ್ದು ಇವರಿಗಲ್ಲವೇ?

ಹಣವೇನೋ ಸಂಗ್ರಹವಾಯಿತು. ಅದಿರು ಮಾರಿದ ಹಣದಲ್ಲಿ 'ಎ' ವರ್ಗದಿಂದ ನೂರಕ್ಕೆ ಹತ್ತು, 'ಬಿ' ವರ್ಗದಿಂದ ನೂರಕ್ಕೆ ಹದಿನೈದು ಕೋರ್ಟಿನ ಉಸ್ತುವಾರಿಯ ಖಾತೆ ಸೇರಿತು. ಗಣಿಯಿಂದ ಕೆಟ್ಟ ಪ್ರದೇಶಕ್ಕೆ ನೀರು, ಆಸ್ಪತ್ರೆ, ಶಾಲೆ, ರಸ್ತೆ, ಕಾಡು ಎಲ್ಲವನ್ನೂ ಒದಗಿಸಲೆಂದು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮವೂ ಹುಟ್ಟಿತು. ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಯೂ ಸಿದ್ಧವಾಯಿತು. ಆದರೂ ಹಣ ವರ್ಷಗಟ್ಟಲೆ ಬ್ಯಾಂಕಿನಲ್ಲೇ ಕುಳಿತಿತ್ತು. 2022ರಲ್ಲಿ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರ ಮೇಲ್ವಿಚಾರಣೆಯಲ್ಲಿ ಖರ್ಚು ಮಾಡಲು ಸುಪ್ರೀಂ ಕೋರ್ಟು ಅನುಮತಿ ಕೊಟ್ಟಿತು. ಅದೇ ವರ್ಷದ ಆಗಸ್ಟ್ 26ರಂದು ಅಗೆಯುವ ಮಿತಿಯನ್ನೂ ಏರಿಸಿತು. ನಡುವೆ 2017ರಲ್ಲಿ 70 ಲಕ್ಷವಾಗಿದ್ದ ನಮ್ಮ ಎರಡು ಜಿಲ್ಲೆಗಳ ಪಾಲು ಒಮ್ಮೆಲೇ 150 ಲಕ್ಷ ಟನ್ನಿಗೆ ಏರಿತು. ಅಗೆಯುವ ಕೈಗೆ ದುಪ್ಪಟ್ಟಿಗೂ ಹೆಚ್ಚು ವೇಗ ಬಂದಿತು. ಗಾಯಕ್ಕೆ ಮದ್ದು ಹಚ್ಚುವ ಕೈಗೂ ಅಷ್ಟೇ ವೇಗ ಬಂದಿದೆಯೇ ಎಂಬುದನ್ನು ಗಣಿ ಊರುಗಳಲ್ಲಿರುವ ನೀವೇ ಹೇಳಬೇಕು.

ಇದೇ ಪ್ರಶ್ನೆ ಇಡೀ ದೇಶದ್ದೂ ಹೌದು. ಪರಿಸರ ಅನುಮತಿ ಇಲ್ಲದೆ ಕೆಲಸ ಮುಗಿಸಿ, ಆಮೇಲೆ ದಂಡ ಕಟ್ಟಿ ಅನುಮತಿ ಪಡೆಯುವ ಪದ್ಧತಿ ಕೂಡದೆಂದು 2025ರ ಮೇ 16ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಆರು ತಿಂಗಳಲ್ಲಿ, ನವೆಂಬರ್ 18ರಂದು, ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಹಿಂದಕ್ಕೆ ಪಡೆಯಿತು. ಇಬ್ಬರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ. ಕಾನೂನಿನ ಸೂಕ್ಷ್ಮ ವಕೀಲರಿಗೆ ಇರಲಿ. ಕೋಳಿ ತಿಂದಾದ ಮೇಲೆ ಒಪ್ಪಿಗೆ ಕೇಳುವುದನ್ನು ಮಕ್ಕಳಿಗೆ ನಾವು ಮನೆಯಲ್ಲಿ ಕಲಿಸುವುದಿಲ್ಲ, ಅಷ್ಟೇ.

ಇನ್ನು ನೆತ್ತಿಯ ಲೆಕ್ಕ. ಜೋಗಿಮಟ್ಟಿಯಲ್ಲಿ, ವಾಣಿವಿಲಾಸ ಸಾಗರದ ಸುತ್ತಿನ ಗುಡ್ಡಗಳಲ್ಲಿ, ಹೊಸದುರ್ಗ-ಹೊಳಲ್ಕೆರೆಯ ಸಾಲುಗಳಲ್ಲಿ ಗಾಳಿಯಂತ್ರಗಳು ನಿಂತು ತಿರುಗುವುದನ್ನು ಹೆದ್ದಾರಿಯಿಂದಲೇ ಕಾಣಬಹುದು. ಇವು ಹೊಗೆಯಿಲ್ಲದ ವಿದ್ಯುತ್ತು ಕೊಡುತ್ತವೆ, ಒಳ್ಳೆಯದೇ. 2024-25ನೇ ಸಾಲಿನಲ್ಲಿ ಗಾಳಿ ವಿದ್ಯುತ್ತಿನ ಸಾಮರ್ಥ್ಯವನ್ನು ದೇಶದಲ್ಲೇ ಅತಿ ಹೆಚ್ಚು, 1,331 ಮೆಗಾವಾಟಿನಷ್ಟು, ಸೇರಿಸಿದ ರಾಜ್ಯ ಕರ್ನಾಟಕ. ದಿವಂಗತ ಪೋಪ್ ಫ್ರಾನ್ಸಿಸರು 2015ರಲ್ಲಿ ಭೂಮಿಯ ಆರೈಕೆಯನ್ನು ಕುರಿತು ಬರೆದ 'ಲೌದಾತೊ ಸಿ' ಎಂಬ ವಿಶ್ವಪತ್ರದಲ್ಲಿ ಕಲ್ಲಿದ್ದಲು, ಎಣ್ಣೆಗಳನ್ನು ಬಿಟ್ಟು ಇಂಥ ಶಕ್ತಿಯ ಕಡೆಗೆ ತಡಮಾಡದೆ ತಿರುಗಬೇಕೆಂದು ಕೇಳಿಕೊಂಡರು. ಅದೇ ಪತ್ರದಲ್ಲಿ ಅವರು ಭೂಮಿಯ ಅಳಲನ್ನೂ ಬಡವರ ಅಳಲನ್ನೂ ಬೇರೆ ಬೇರೆ ಮಾಡಿ ಕೇಳಬಾರದೆಂದೂ ಒತ್ತಿ ಹೇಳಿದರು. ಮೊದಲನೆಯ ಮಾತನ್ನು ಹಿಡಿದುಕೊಂಡು ಎರಡನೆಯದನ್ನು ಕೈಬಿಡುವುದು ಸುಲಭ.

ಗಾಳಿಯಂತ್ರವೂ ಆಕಾಶದಿಂದ ಇಳಿದು ಬಂದದ್ದಲ್ಲ. ಅದರ ಕಂಬ ಉಕ್ಕಿನದು. ಉಕ್ಕು ಇಂಥವೇ ಗುಡ್ಡಗಳ ಅದಿರಿನದು. ಅದನ್ನು ನೆತ್ತಿಗೆ ಸಾಗಿಸಲು ಉದ್ದುದ್ದ ಟ್ರೇಲರ್, ಕ್ರೇನ್ ಹತ್ತುವಷ್ಟು ಅಗಲದ ರಸ್ತೆ ಕಡಿಯಬೇಕು. ಕಡಿದ ಇಳಿಜಾರಿನ ಮಣ್ಣನ್ನು ಹಿಡಿದು ನಿಲ್ಲಿಸದಿದ್ದರೆ ಮಳೆ ಅದನ್ನು ಹಳ್ಳಕ್ಕೆ, ಹಳ್ಳ ಅದನ್ನು ಕೆರೆಗೆ ಒಯ್ಯುತ್ತದೆ. ಕುರಿ ಮೇಯಿಸುವವರಿಗೂ ಕರಡಿಗಳಿಗೂ ಅದೇ ಗುಡ್ಡ ಬೇಕು. ಅರಣ್ಯದ ನೆಲವಾದರೆ 1980ರ ಅರಣ್ಯ ಸಂರಕ್ಷಣಾ ಕಾಯಿದೆಯಂತೆ ಅನುಮತಿ ಬೇಕು, ಬದಲಿ ಕಾಡು ಬೆಳೆಸಬೇಕು. ಆದರೆ ಗಣಿಗೆ 2006ರ ಪರಿಸರ ಅಧಿಸೂಚನೆಯಂತೆ ಊರವರ ಮುಂದೆ ನಡೆಯುವ ಅಹವಾಲು ಸಭೆ ಗಾಳಿಯಂತ್ರಕ್ಕಿಲ್ಲ. ಆ ಅಧಿಸೂಚನೆಯ ಪಟ್ಟಿಯಲ್ಲೇ ಅದು ಸೇರಿಲ್ಲ. ಹೊಗೆ ಇಲ್ಲವೆಂದ ಮಾತ್ರಕ್ಕೆ ಕೆಳಗೆ ವಾಸಿಸುವವರನ್ನು ಕೇಳಬೇಕಿಲ್ಲವೆಂದು ಅರ್ಥವಲ್ಲ ಎಂಬುದು ನನ್ನ ಅಭಿಪ್ರಾಯ. ಹಳೆಯ ಸಣ್ಣ ಯಂತ್ರಗಳನ್ನು ತೆಗೆದು ದೊಡ್ಡವನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2023ರಲ್ಲಿ ಹೊಸ ನೀತಿ ತಂದಿದೆ. ಹಳೆಯ ಯಂತ್ರ ಇಳಿಯುವ ಹೊತ್ತು ಗುಡ್ಡದ ಲೆಕ್ಕ ಕೇಳಲು ತಕ್ಕ ಹೊತ್ತು: ಕಡಿದ ರಸ್ತೆ ಏನಾಗುತ್ತದೆ, ಬುನಾದಿಯ ಕಾಂಕ್ರೀಟು ಏನಾಗುತ್ತದೆ, ನೆಡುತ್ತೇವೆಂದ ಗಿಡಗಳು ಎಲ್ಲಿ?

ವಿದ್ಯುತ್ತೇ ಬೇಡವೆಂದು ಈ ಸೀಮೆಯಲ್ಲಿ ಯಾರು ಹೇಳಬಲ್ಲರು? ಇಲ್ಲಿ ಕರೆಂಟು ಎಂದರೆ ನೀರು. ರಾತ್ರಿ ತ್ರೀ ಫೇಸ್ ಬಂತೆಂದರೆ ನಿದ್ದೆಗಣ್ಣಿನಲ್ಲಿ ತೋಟಕ್ಕೆ ಓಡುವ ರೈತನಿಗೆ ಈ ಪಾಠ ಬೇಕಿಲ್ಲ. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. ಬಳಿಕ 2025ರ ಜನವರಿಯಲ್ಲಿ. ದೇವರ ಮಳೆಯ ಜೊತೆಗೆ ಭದ್ರೆಯಿಂದ ಪಂಪುಗಳು ಎತ್ತಿ ವೇದಾವತಿಗೆ ಹರಿಸಿದ ನೀರೂ ಅದರಲ್ಲಿ ಸೇರಿತ್ತು. ಹಿರಿಯೂರಿನ ಜನ ಬಾಗಿನ ಕೊಟ್ಟಾಗ ಆ ಪಂಪುಗಳಿಗೆ ಕರೆಂಟು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಕೇಳುವ ಹೊತ್ತೂ ಅದಾಗಿರಲಿಲ್ಲ ಬಿಡಿ.

ಆದರೆ ಮನೆಯಲ್ಲಿ ಕೇಳಬಹುದು. 2023ರ ಆಗಸ್ಟಿನಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಿಂದ ತಿಂಗಳಿಗೆ 200 ಯೂನಿಟ್‌ವರೆಗೆ, ಆ ಮನೆಯ ಹಿಂದಿನ ಸರಾಸರಿಯ ಮೇಲೆ ನೂರಕ್ಕೆ ಹತ್ತು ಸೇರಿಸಿ, ಶೂನ್ಯ ಬಿಲ್ಲು ಬಂದಿತು. ಬಡ ಕುಟುಂಬಗಳಿಗೆ ಇದು ದೊಡ್ಡ ಆಸರೆ, ಅದನ್ನು ಹೀಗಳೆಯುವವರ ಜೊತೆ ನಾನಿಲ್ಲ. ಆದರೂ ಬಿಲ್ಲು ಶೂನ್ಯವಾದರೆ ಗುಡ್ಡದ ಸಾಲ ಶೂನ್ಯವಾಗುವುದಿಲ್ಲ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂಬಂತೆ ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ, ಜೋಗಿಮಟ್ಟಿಯ ಮೇಲೆ ಇನ್ನೊಂದು ಫ್ಯಾನು ಅದಕ್ಕಾಗಿಯೇ ತಿರುಗುತ್ತಿದೆ ಎಂದು ಮಕ್ಕಳಿಗೆ ತೋರಿಸಿ ಹೇಳಿ. ಮಕ್ಕಳಿಗೆ ಇಂಥದ್ದು ಬೇಗ ಅರ್ಥವಾಗುತ್ತದೆ. ಅಪ್ಪಂದಿರಿಗೆ ಸ್ವಲ್ಪ ನಿಧಾನ.

ಜಕ್ಕಾಯ ಲೆಕ್ಕ ಒಪ್ಪಿಸಿದ್ದು ತಾನಾಗಿಯೇ. ತಾನಾಗಿ ಒಪ್ಪಿಸದ ಕಡೆ ಲೆಕ್ಕ ಕೇಳುವುದು ದ್ವೇಷವಲ್ಲ, ನೆರೆಯವರ ಮೇಲಿನ ಪ್ರೀತಿ. ಇದಕ್ಕೆ ದಾರಿಗಳೂ ಇವೆ. 2015ರಲ್ಲಿ ಗಣಿ ಕಾಯಿದೆಗೆ ಬಂದ ತಿದ್ದುಪಡಿಯಂತೆ ಜಿಲ್ಲೆಗೊಂದು ಖನಿಜ ಪ್ರತಿಷ್ಠಾನವಿದೆ. ಹಳೆಯ ಗುತ್ತಿಗೆಯವರು ಸರ್ಕಾರಕ್ಕೆ ಕಟ್ಟುವ ರಾಜಧನದ ನೂರಕ್ಕೆ ಮೂವತ್ತರಷ್ಟನ್ನು, ಹರಾಜಿನಲ್ಲಿ ಪಡೆದವರು ನೂರಕ್ಕೆ ಹತ್ತರಷ್ಟನ್ನು ಅದಕ್ಕೆ ಬೇರೆಯಾಗಿ ಕೊಡಬೇಕು. ಆ ಹಣ ಗಣಿಬಾಧಿತ ಜನರ ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರಕ್ಕೆ ಮೊದಲು ಸಲ್ಲಬೇಕು. ಯಾವ ಊರಿಗೆ ಏನು ಕೆಲಸ ಮಂಜೂರಾಗಿದೆ ಎಂದು ಮಾಹಿತಿ ಹಕ್ಕಿನಲ್ಲಿ ಯಾರು ಬೇಕಾದರೂ ಕೇಳಬಹುದು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು. ಹೊಸ ಗಣಿಗೋ ಗಣಿಯ ವಿಸ್ತರಣೆಗೋ ಅಹವಾಲು ಸಭೆ ಇದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಿಸಬೇಕು. ಅಲ್ಲಿ ಆಡಿದ ಮಾತು ಬರಹಕ್ಕೆ ಬರುತ್ತದೆ. ನಮ್ಮ ಕಥೋಲಿಕ ಕುಟುಂಬಗಳು ಈ ಸೀಮೆಯಲ್ಲಿ ಬೆರಳೆಣಿಕೆಯಷ್ಟು, ನಮ್ಮ ಮಾತು ಯಾರು ಕೇಳುತ್ತಾರೆ ಎನ್ನಬೇಡಿ. ಧೂಳು ಜಾತಿ ಮತ ನೋಡಿ ಬೀಳುವುದಿಲ್ಲ. ಬೀದಿಯ ಎಲ್ಲರ ಜೊತೆ ಸೇರಿ ಹೋಗಿ.

ಮನೆಯ ಹೆಣ್ಣುಮಕ್ಕಳೂ ಆ ಸಭೆಗೆ ಬರಲಿ. ಪಾತ್ರೆಯ ಮೇಲಿನ ಧೂಳನ್ನು ದಿನಕ್ಕೆ ಎಷ್ಟು ಸಲ ಒರೆಸಬೇಕು, ಮಗುವಿನ ಕೆಮ್ಮು ಯಾವ ತಿಂಗಳಿನಲ್ಲಿ ಹೆಚ್ಚುತ್ತದೆ, ಬೋರ್‌ವೆಲ್ ನೀರಿನ ಬಣ್ಣ ಯಾವಾಗ ಬದಲಾಯಿತು ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಸಮೇತ ಬರೆದಿಟ್ಟುಕೊಂಡು ಹೋಗಿ, ನಿಮ್ಮ ಸರದಿ ಬಂದಾಗ ಎದ್ದು ನಿಂತು ಓದಿ.