ವಿಶ್ರಾಂತಿಯೂ ದಂಪತಿ ಸಮೇತವಾಗಿರಲಿ



ಬೆಟ್ಟ ಹತ್ತಿ ಬಂದವರು ಅರ್ಚನೆ ಚೀಟಿ ಬರೆಸುವಾಗ ನಾವು ಮೊದಲು ಕೇಳುವುದು ಹೆಸರು, ನಕ್ಷತ್ರ, ಗೋತ್ರ. ಮದುವೆಯಾದವರು ಒಂದೇ ಹೆಸರು ಹೇಳಿ ಸುಮ್ಮನಾಗುವುದಿಲ್ಲ. ಗಂಡನ ಹೆಸರಿನ ಹಿಂದೆಯೇ ಹೆಂಡತಿಯ ಹೆಸರು ಬರುತ್ತದೆ. ಅರ್ಚಕರು ಸಂಕಲ್ಪದಲ್ಲಿ ‘ಧರ್ಮಪತ್ನೀ ಸಮೇತ’ ಎಂದೇ ಹೇಳುತ್ತಾರೆ. ಸಾಕ್ಷಾತ್ ಶ್ರೀರಾಮಚಂದ್ರನೇ ಯಜ್ಞ ಮಾಡುವಾಗ ಸೀತಾಮಾತೆ ಪಕ್ಕದಲ್ಲಿಲ್ಲದ ಕಾರಣ ಚಿನ್ನದ ಸೀತೆಯನ್ನು ಇಟ್ಟುಕೊಂಡನೆಂದು ರಾಮಾಯಣದ ಉತ್ತರಕಾಂಡದಲ್ಲಿದೆ. ಧರ್ಮಕಾರ್ಯಕ್ಕೆ ಇಬ್ಬರೂ ಬೇಕು ಎಂಬುದು ನಮ್ಮೆಲ್ಲರಿಗೂ ಗೊತ್ತು. ಆದರೆ ದುಡಿಮೆಗೆ ವಿರಾಮ ಕೊಡುವ ವಿಷಯ ಬಂದಾಗ ಮಾತ್ರ ನಾವು ಒಬ್ಬೊಬ್ಬರೇ ಸಂಕಲ್ಪ ಮಾಡುತ್ತೇವಲ್ಲ, ಇದು ಸರಿಯೇ?

ಈ ಪ್ರಶ್ನೆ ನನಗೆ ಹುಟ್ಟಿದ್ದು ಕೌಂಟರಿನಲ್ಲಿ ಕುಳಿತಾಗಲೇ. ಒಂದು ಶನಿವಾರ ಕನಕಪುರದ ಕಡೆಯ ಹಿರಿಯರೊಬ್ಬರು ಒಬ್ಬರೇ ಬಂದು ಎರಡು ಹೆಸರಿನಲ್ಲಿ ಚೀಟಿ ಬರೆಸಿದರು. “ಅಮ್ಮಾವ್ರು ಬರಲಿಲ್ವಾ?” ಎಂದು ಕೇಳಿದೆ. “ಕೆಳಗೆ ಆಟೋದಲ್ಲಿ ಕೂತವಳೆ ಸ್ವಾಮಿ. ಮಂಡಿ ಹಿಡಿದೈತೆ, ಮೆಟ್ಲು ಹತ್ತಕ್ಕಾಗಲ್ಲ. ರಿಟೈರ್ಡ್ ಆಗ್ಲಿ, ಆಮೇಲೆ ಇಬ್ರೂ ನಿಧಾನಕ್ಕೆ ಎಲ್ಲಾ ಕ್ಷೇತ್ರ ನೋಡನ ಅಂತ ಇಪ್ಪತ್ತು ವರ್ಷದಿಂದ ನಾನೇ ತಡೀತಿದ್ದೆ” ಅಂದರು. ಪ್ರಸಾದವನ್ನು ಎರಡು ಪೊಟ್ಟಣ ಮಾಡಿಸಿಕೊಂಡು ಇಳಿದುಹೋದರು. ಅವರು ಕೆಟ್ಟವರಲ್ಲ. ಹೆಂಡತಿಯನ್ನು ಮರೆತವರೂ ಅಲ್ಲ. ಲೆಕ್ಕವನ್ನು ಒಬ್ಬರೇ ಹಾಕಿದರು, ಅಷ್ಟೇ. ಆ ಲೆಕ್ಕದಲ್ಲಿ ಆಕೆಯ ಮಂಡಿ ಸೇರಿರಲಿಲ್ಲ.

ಸರ್ಕಾರಿ ನೌಕರರಿಗೆ ತಾರೀಕು ಗೊತ್ತಿರುತ್ತದೆ. ಕರ್ನಾಟಕದಲ್ಲಿ 2008ರಲ್ಲಿ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿದರು. 60 ತುಂಬುವ ತಿಂಗಳ ಕೊನೆಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿ. ಆದರೆ ಈ ನಿಯಮಕ್ಕೆ ಗಂಡ ಹೆಂಡತಿ ಎಂಬುದು ಗೊತ್ತಿಲ್ಲ, ಹುಟ್ಟಿದ ತಾರೀಕು ಮಾತ್ರ ಗೊತ್ತು. ಇಬ್ಬರಿಗೂ ಐದು ವರ್ಷ ಅಂತರವಿದ್ದರೆ ನಿವೃತ್ತಿಗೂ ಐದು ವರ್ಷ ಅಂತರ. ನನಗೆ ತಿಳಿದ ಶಿಕ್ಷಕ ದಂಪತಿಗಳ ಮನೆಯಲ್ಲಿ ಇದೇ ಜಗಳಕ್ಕೆ ಬಂತು. ಯಜಮಾನರು ನಿವೃತ್ತರಾದರು. “ನೀನೂ ವಾಲಂಟರಿ ತಗೋ, ಮಾಗಡಿ ಕಡೆ ತೋಟದ ಮನೆಗೆ ಹೋಗೋಣ” ಅಂದರು. ಆಯಮ್ಮ, “ನಿಮಗೆ ಸಾಕಾಯ್ತು ಅಂತ ನನಗೂ ಸಾಕಾಗಬೇಕಾ? ನನ್ನ ಮಕ್ಕಳು ಈಗ ಎಸ್ಸೆಸ್ಸೆಲ್ಸೀಲಿ ಇದಾರೆ” ಅಂದರಂತೆ. ಒಂದು ತಿಂಗಳು ಮಾತಿಲ್ಲ. ಕೊನೆಗೆ ಯಜಮಾನರೇ ಬೆಳಿಗ್ಗೆ ಎದ್ದು ಸಾರು ಮಾಡುವುದನ್ನು ಕಲಿತರು. ಆಯಮ್ಮ ಪೂರ್ತಿ ಸರ್ವಿಸ್ ಮುಗಿಸಿ, ನಂತರ ತೋಟಕ್ಕೆ ಹೋದರು.

ತಾರೀಕೇ ಇಲ್ಲದವರ ಕಥೆ ಏನು? ಚನ್ನಪಟ್ಟಣದಲ್ಲಿ ಆಲೆ ಮರದ ಗೊಂಬೆಗೆ ಅರಗಿನ ಬಣ್ಣ ಹಚ್ಚುವವರಿಗೆ, ರಾಮನಗರದಲ್ಲಿ ನೂಲು ಬಿಚ್ಚುವವರಿಗೆ, ರಾಗಿ ಹೊಲದವರಿಗೆ ಯಾರು ಹಾರ ಹಾಕುತ್ತಾರೆ? ಎಲ್ಲಕ್ಕಿಂತ ಹೆಚ್ಚಾಗಿ ಮನೆಯ ಗೃಹಿಣಿಗೆ? ಗಂಡ ನಿವೃತ್ತನಾದ ಮಾರನೇ ದಿನ ಆಕೆಗೆ ಕೆಲಸ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಮೊದಲು ಬೆಳಿಗ್ಗೆ ಒಂದು ಡಬ್ಬಿ ಕಟ್ಟಿದರೆ ಮುಗಿಯುತ್ತಿತ್ತು. ಈಗ ಹನ್ನೊಂದಕ್ಕೆ ಕಾಫಿ, ಮಧ್ಯಾಹ್ನ ಬಿಸಿ ಊಟ, ನಾಲ್ಕಕ್ಕೆ ಮತ್ತೆ ಕಾಫಿ. ಒಬ್ಬರ ವಿಶ್ರಾಂತಿಯ ಭಾರವನ್ನು ಇನ್ನೊಬ್ಬರು ಹೊರುವುದಾದರೆ ಅದು ಅರ್ಧ ವಿಶ್ರಾಂತಿಯೇ ಸರಿ.

ನಮ್ಮ ಹಿರಿಯರು ಇದನ್ನು ಯೋಚಿಸಿರಲಿಲ್ಲವೆಂದಲ್ಲ. ಚರ್ಮ ಸುಕ್ಕಾಗಿ, ತಲೆ ನರೆತು, ಮೊಮ್ಮಗುವಿನ ಮುಖ ನೋಡಿದ ಮೇಲೆ ಗೃಹಸ್ಥನು ವಾನಪ್ರಸ್ಥಕ್ಕೆ ಹೊರಡಬೇಕೆಂದು ಮನುಸ್ಮೃತಿ ಹೇಳುತ್ತದೆ. ಹೆಂಡತಿಯನ್ನು ಮಕ್ಕಳ ಬಳಿ ಬಿಟ್ಟಾದರೂ ಹೋಗಬಹುದು, ಜೊತೆಯಲ್ಲಿ ಕರೆದುಕೊಂಡಾದರೂ ಹೋಗಬಹುದು ಎಂದಿದೆ. ಆದರೆ ಆಕೆಯನ್ನು ಕೇಳಬೇಕೆಂದು ಅಲ್ಲಿಲ್ಲ. ಬೃಹದಾರಣ್ಯಕ ಉಪನಿಷತ್ತಿನ ಯಾಜ್ಞವಲ್ಕ್ಯರ ಕಥೆ ಬೇರೆ. ಮನೆ ಬಿಟ್ಟು ಹೊರಡುವ ಮುನ್ನ ಅವರು ಪತ್ನಿ ಮೈತ್ರೇಯಿಗೆ ತಿಳಿಸಿ, ಆಕೆಗೂ ಕಾತ್ಯಾಯನಿಗೂ ಆಸ್ತಿ ಹಂಚಲು ಮುಂದಾದರು. ಮೈತ್ರೇಯಿ ಆಸ್ತಿಗೆ ಒಪ್ಪಿ ಸುಮ್ಮನಾಗಲಿಲ್ಲ. ಲೋಕದ ಐಶ್ವರ್ಯವೆಲ್ಲ ಸಿಕ್ಕರೂ ಅಮೃತತ್ವ ಸಿಗದಿದ್ದರೆ ನನಗೇನು ಪ್ರಯೋಜನ ಎಂದು ಕೇಳಿದಳು. ಅವರು ಕುಳಿತು ಉತ್ತರ ಹೇಳಿದರು. ಅವರು ಹೇಳದೆ ಹೊರಟಿದ್ದರೆ, ಅವಳು ಕೇಳದೆ ಇದ್ದಿದ್ದರೆ, ಆ ಜ್ಞಾನ ನಮಗೆ ಸಿಗುತ್ತಲೇ ಇರಲಿಲ್ಲ.

ಇದನ್ನೆಲ್ಲ ಬರೆಯುವ ನಾನೂ ಇದೇ ತಪ್ಪು ಮಾಡಿದವನು. ನನ್ನ ಕೆಲಸ ಮುಗಿಯಲು ಕೆಲವೇ ವರ್ಷ ಇದೆ. ಮುಗಿದ ಮೇಲೆ ಕಾಶಿ, ಆಮೇಲೆ ಊರಿನ ಮನೆ ಎಂದು ನಾನೇ ಗೀಟು ಹಾಕಿಟ್ಟಿದ್ದೆ. ನನ್ನ ಮನೆಯವರು ರೇಷ್ಮೆ ಹುಳು ಸಾಕುತ್ತಾರೆ. ಒಂದು ರಾತ್ರಿ ಸೊಪ್ಪು ಹಾಕುತ್ತಾ, “ಕಾಶಿಗೆ ಹೋದಾಗ ಹುಳಕ್ಕೆ ಸೊಪ್ಪು ಹಾಕೋರು ಯಾರು? ನಾನು ಯಾವಾಗ ನಿಲ್ಲಿಸ್ತೀನಿ ಅಂತ ಒಂದ್ಸಲನಾದ್ರೂ ಕೇಳಿದ್ದೀರಾ?” ಅಂದರು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಆ ಹುಳುಗಳೇ ನನಗೆ ಬುದ್ಧಿ ಕಲಿಸಿದವು. ನಮ್ಮ ಕಡೆಯವರಿಗೆ ಇದು ಗೊತ್ತು, ದೂರದಿಂದ ಬಂದವರಿಗೆ ಹೇಳುತ್ತೇನೆ. ನಾಲ್ಕು ಜ್ವರ ಕಳೆದ ಮೇಲೆ ಹುಳು ಹಗಲೂ ರಾತ್ರಿ ಸೊಪ್ಪು ತಿನ್ನುತ್ತದೆ. ಆಮೇಲೆ ತಿನ್ನುವುದನ್ನು ಬಿಟ್ಟು ಹಣ್ಣಾಗುತ್ತದೆ. ಒಂದೇ ದಿನ ಮೊಟ್ಟೆಯೊಡೆದು ಒಂದೇ ತಟ್ಟೆಯಲ್ಲಿ ಬೆಳೆದರೂ ಎಲ್ಲಾ ಒಂದೇ ಹೊತ್ತಿಗೆ ಹಣ್ಣಾಗುವುದಿಲ್ಲ. ಹಣ್ಣಾದದ್ದನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು, ಉಳಿದದ್ದಕ್ಕೆ ಸೊಪ್ಪು ಹಾಕುತ್ತಲೇ ಇರಬೇಕು. ಹಸಿ ಹುಳವನ್ನು ಅವಸರದಿಂದ ಚಂದ್ರಿಕೆಗೆ ಬಿಟ್ಟರೆ ಗೂಡು ತೆಳುವಾಗುತ್ತದೆ. ಹಣ್ಣಾದದ್ದನ್ನು ತಟ್ಟೆಯಲ್ಲೇ ಬಿಟ್ಟರೆ ಸೊಪ್ಪಿನ ಮಧ್ಯೆ ಕಟ್ಟಿಕೊಂಡು ಗೂಡು ಕೊಳೆಯಾಗುತ್ತದೆ. ದಂಪತಿಗಳೂ ಹಾಗೆಯೇ. ಒಂದೇ ದಿನ ಇಬ್ಬರೂ ಕೆಲಸ ಬಿಡಬೇಕೆಂಬ ಹಠ ಬೇಡ. ಮೊದಲು ಬಿಟ್ಟವರು ಇನ್ನೂ ದುಡಿಯುವವರಿಗೆ ಸೊಪ್ಪು ಹಾಕಬೇಕು, ಅಂದರೆ ಅಡುಗೆ, ಸಂತೆ, ನೀರು, ಮೊಮ್ಮಗು ಇದರಲ್ಲಿ ಪಾಲು ತೆಗೆದುಕೊಳ್ಳಬೇಕು. ಹಿಂದೆ ಉಳಿದವರು ಯಾವಾಗ ನಿಲ್ಲಿಸಬೇಕೆಂದು ತಾವೇ ಹೇಳಬೇಕು.

ಹಣದ ಮಾತನ್ನೂ ಇಬ್ಬರೂ ಕುಳಿತೇ ಆಡಬೇಕು. ರಾಜ್ಯ ಸರ್ಕಾರಕ್ಕೆ 1-4-2006ರ ನಂತರ ಸೇರಿದವರಿಗಾಗಿ ಹೊಸ ಪಿಂಚಣಿ ಪದ್ಧತಿ ಬಂತು, ಅದಕ್ಕೆ ಮೊದಲು ಸೇರಿದವರದು ಹಳೆಯ ಪದ್ಧತಿ. ತಾನು ಯಾವುದರಲ್ಲಿದ್ದೇನೆ, ತನ್ನ ನಂತರ ಸಂಗಾತಿಗೆ ಏನು ಬರುತ್ತದೆ, ನಾಮಿನಿ ಹೆಸರು ಸರಿ ಇದೆಯೇ ಎಂಬುದನ್ನು ಸಂಗಾತಿಗೆ ಹೇಳಿರಬೇಕು. ಕೂಲಿ, ಬೇಸಾಯ, ಅಂಗಡಿ ಮಾಡುವ ಮಕ್ಕಳಿಗೆ 2015ರಲ್ಲಿ ಬಂದ ಅಟಲ್ ಪಿಂಚಣಿ ಯೋಜನೆಯ ವಿಷಯ ತಿಳಿಸಿ. ಆದಾಯ ತೆರಿಗೆ ಕಟ್ಟದವರು 18ರಿಂದ 40ರ ವಯಸ್ಸಿನೊಳಗೆ ಸೇರಿದರೆ, ಕಟ್ಟಿದ್ದಕ್ಕೆ ತಕ್ಕಂತೆ 60 ಆದ ಮೇಲೆ ತಿಂಗಳಿಗೆ 1,000ದಿಂದ 5,000 ರೂಪಾಯಿವರೆಗೆ ಬರುತ್ತದೆ. ಅವರ ನಂತರ ಅಷ್ಟೇ ಮೊತ್ತ ಗಂಡ ಅಥವಾ ಹೆಂಡತಿಗೆ ಸಿಗುತ್ತದೆ. ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆಯಾಗಿ ಸೇರಬಹುದು. ಕಾಗದ ಪತ್ರ ಪೆಟ್ಟಿಗೆಯಲ್ಲಿದ್ದು ಬೀಗದ ಕೈ ಒಬ್ಬರ ಸೊಂಟದಲ್ಲೇ ಇದ್ದರೆ, ಅದು ಸಂಸಾರದ ಉಳಿತಾಯವಲ್ಲ.

ನಮ್ಮ ಮನೆಯಲ್ಲಿ ಈಗ ಒಂದು ಒಪ್ಪಂದವಾಗಿದೆ. ಮೊದಲು ಬೆಳೆ ಕಡಿಮೆ ಮಾಡುವುದು, ರಾತ್ರಿಯ ಸೊಪ್ಪು ನಾನು ಹಾಕುವುದು. ಕಾಶಿಗೆ ನಾನು ನಿವೃತ್ತನಾಗುವವರೆಗೆ ಕಾಯುವುದಿಲ್ಲ, ಎರಡು ಬೆಳೆಯ ನಡುವೆ ಬಿಡುವಿದ್ದಾಗಲೇ ಹೊರಡುವುದು.

ಮಹಾಶಯರೇ, ಮೆಟ್ಟಿಲು ಹತ್ತುವಾಗ ನೋಡಿರುತ್ತೀರಿ. ಒಬ್ಬರು ಮುಂದೆ ಹೋಗಿ ತಿರುವಿನಲ್ಲಿ ಕುಳಿತು, ಹಿಂದಿನವರು ಬಂದ ಮೇಲೆ ಇಬ್ಬರೂ ಎದ್ದು ಹೊರಡುತ್ತಾರೆ. ದರ್ಶನ ಮುಗಿಸಿ ಇಳಿಯುವಾಗ ಅಂಥ ಒಂದು ತಿರುವಿನಲ್ಲಿ ಐದು ನಿಮಿಷ ಕುಳಿತು, “ನಿನಗೆ ಯಾವಾಗ ಸಾಕು ಅನ್ನಿಸುತ್ತೆ?” ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳಿ. ಮಂಡಿ ಗಟ್ಟಿಯಿರುವಾಗಲೇ ಕೇಳಿ. ಸೀತಾರಾಮರು ನಿಮ್ಮಿಬ್ಬರನ್ನೂ ಮತ್ತೆ ಈ ಬೆಟ್ಟಕ್ಕೆ ಒಟ್ಟಿಗೇ ಕರೆಸಿಕೊಳ್ಳಲಿ.

ಶುಭಮಸ್ತು.